ಫ್ರೀಬಿಎಸ್‌ಡಿಯನ್ನು ಸೋರ್ಸ್‌ನಿಂದ ಅಪ್‌ಗ್ರೇಡ್ ಮಾಡುವುದು: ಕರ್ನಲ್ ಮೊದಲು, ಯೂಸರ್‌ಲ್ಯಾಂಡ್ ಆಮೇಲೆ

ನಾನಿರುವುದು ಉಡುಪಿಯಲ್ಲಿ. ನಾನು ನೋಡಿಕೊಳ್ಳುವ ಸರ್ವರ್ ಇರುವುದು ಮಂಗಳೂರಿನ ಬಂದರಿನಲ್ಲಿ, ಅಡಿಕೆ ವ್ಯಾಪಾರ ಮಾಡುವ ಮಾವನ ಆಫೀಸಿನ ಮೇಜಿನ ಕೆಳಗೆ. ಅದರಲ್ಲಿ ಓಡುವುದು ಫ್ರೀಬಿಎಸ್‌ಡಿ, ಲಿನಕ್ಸ್‌ನಂತೆಯೇ ಯೂನಿಕ್ಸ್ ಬಗೆಯ ಉಚಿತ ಆಪರೇಟಿಂಗ್ ಸಿಸ್ಟಮ್. ನಡುವೆ ಸುಮಾರು 60 ಕಿಲೋಮೀಟರ್ ಹೆದ್ದಾರಿ. ಅಪ್‌ಗ್ರೇಡ್ ಮಾಡಲು ಹೋಗಿ ಯಂತ್ರ ಏಳದೆ ಹೋದರೆ ನಾನು ಬಸ್ಸು ಹತ್ತಬೇಕು. ಅಷ್ಟು ಹೊತ್ತು ಅಲ್ಲಿ ಬಿಲ್ಲಿಂಗ್ ನಿಂತಿರುತ್ತದೆ. ಹಾಗಾಗಿ ಈ ಕೆಲಸಕ್ಕೆ ಕೈ ಹಾಕುವ ಮೊದಲು ವಾಪಸ್ ಬರುವ ದಾರಿ ತೆರೆದಿದೆಯಾ ಎಂದು ನೋಡಿಕೊಳ್ಳುವುದು ನನಗೆ ಅಭ್ಯಾಸವಾಗಿದೆ. ಈ ಬರಹದ ಅರ್ಧ ಭಾಗ ಆ ವಾಪಸ್ ದಾರಿಯ ಬಗ್ಗೆಯೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಜ್ಞೆಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ. ಎಲ್ಲವನ್ನೂ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರನಾಗಿ ಮಾಡಬೇಕು.

ಸೋರ್ಸ್‌ನಿಂದಲೇ ಯಾಕೆ?

ಲಿನಕ್ಸ್‌ನಲ್ಲಿ ಕರ್ನಲ್ (ಯಂತ್ರವನ್ನು ನೇರವಾಗಿ ನಡೆಸುವ ಒಳಗಿನ ಪ್ರೋಗ್ರಾಮ್) ಒಂದು ಕಡೆಯಿಂದ ಬರುತ್ತದೆ, ಅದರ ಮೇಲೆ ಓಡುವ ಉಳಿದ ಸಲಕರಣೆಗಳು, ಅಂದರೆ ಯೂಸರ್‌ಲ್ಯಾಂಡ್, ಬೇರೆ ಬೇರೆ ಕಡೆಯಿಂದ. ಫ್ರೀಬಿಎಸ್‌ಡಿಯಲ್ಲಿ ಹಾಗಲ್ಲ. ಕರ್ನಲ್, ಸಿ ಲೈಬ್ರರಿ, ಎಲ್ಎಸ್, ಸಿಪಿಯಂಥ ಚಿಕ್ಕ ಪ್ರೋಗ್ರಾಮ್‌ಗಳು, ಕಂಪೈಲರ್ ಸಹ ಒಂದೇ ಸೋರ್ಸ್ (ಮೂಲ ಕೋಡ್) ಮರದಲ್ಲಿವೆ. 1993ರ ನವೆಂಬರ್‌ನಲ್ಲಿ ಮೊದಲ ಆವೃತ್ತಿ ಬಂದಾಗಿನಿಂದಲೂ ಅದರ ರೀತಿ ಇದೇ. ಹಾಗಾಗಿ ಇಡೀ ವ್ಯವಸ್ಥೆಯನ್ನು ನಾವೇ ಕಟ್ಟಿ ಹಾಕಿಕೊಳ್ಳಬಹುದು.

ಎಲ್ಲರಿಗೂ ಇದು ಬೇಕಾಗಿಲ್ಲ. ಸುಮ್ನೆ ಸೆಕ್ಯುರಿಟಿ ತಿದ್ದುಪಡಿ ಸಾಕು ಎನ್ನುವವರು ಕಟ್ಟಿ ಸಿದ್ಧವಾದ ಫೈಲ್‌ಗಳನ್ನೇ ತರುವ ಫ್ರೀಬಿಎಸ್‌ಡಿ-ಅಪ್‌ಡೇಟ್ ಬಳಸಲಿ. ಬೇಡದ ಭಾಗಗಳನ್ನು ಬಿಡಬೇಕು, ಕರ್ನಲ್‌ಗೆ ಒಂದು ಪ್ಯಾಚ್ ಹಾಕಬೇಕು, ಸ್ಟೇಬಲ್ ಶಾಖೆಯ ಜೊತೆಗೇ ಸಾಗಬೇಕು ಎನ್ನುವವರಿಗೆ ಸೋರ್ಸ್ ಸರಿ. ಬೇಸ್ ವ್ಯವಸ್ಥೆಯನ್ನೇ (ಕರ್ನಲ್ ಮತ್ತು ಯೂಸರ್‌ಲ್ಯಾಂಡ್ ಎರಡೂ ಸೇರಿ) ಪ್ಯಾಕೇಜ್‌ಗಳಾಗಿ ಹಾಕಿಕೊಂಡಿದ್ದರೆ ಮಾತ್ರ ಅದರ ಮೇಲೆ ಈ ವಿಧಾನ ಬೆರೆಸಬೇಡಿ. ಅಂಥ ಯಂತ್ರವನ್ನು ಪ್ಯಾಕೇಜ್ ಮೂಲಕವೇ ಮೇಲೇರಿಸಿ.

ಹೆಂಚು ಮತ್ತು ರೀಪು

ನಮ್ಮ ಕಡೆಯ ಹೆಂಚಿನ ಮನೆ ನೆನಪಿಸಿಕೊಳ್ಳಿ. ಕೆಳಗೆ ಪಕ್ಕಾಸು, ಅದರ ಮೇಲೆ ರೀಪು, ರೀಪಿಗೆ ಕಚ್ಚಿಕೊಂಡು ಕೂರುವ ಹೆಂಚು. ಕರ್ನಲ್ ಎಂದರೆ ಆ ರೀಪು. ಯೂಸರ್‌ಲ್ಯಾಂಡ್ ಎಂದರೆ ಹೆಂಚು. ಹೊಸ ರೀಪು ಹೊಡೆಯುವಾಗ ಹಳೆಯ ಹೆಂಚಿನ ಅಳತೆ ನೋಡಿಕೊಂಡೇ ಹೊಡೆಯುತ್ತಾರೆ, ಹಾಗಾಗಿ ಹಳೆಯ ಹೆಂಚು ಅದರ ಮೇಲೆ ಕೂರುತ್ತದೆ. ಬೇರೆ ಅಳತೆಯ ಹೊಸ ಹೆಂಚನ್ನು ಹಳೆಯ ರೀಪಿನ ಮೇಲಿಟ್ಟರೆ ಜಾರುತ್ತದೆ.

ಇಲ್ಲೂ ಹಾಗೆಯೇ. ಹೊಸ ಕರ್ನಲ್ ಹಳೆಯ ಪ್ರೋಗ್ರಾಮ್‌ಗಳ ಸಿಸ್ಟಮ್ ಕಾಲ್‌ಗಳನ್ನು, ಅಂದರೆ ಅವು ಕರ್ನಲ್‌ಗೆ ಕೊಡುವ ಬೇಡಿಕೆಗಳನ್ನು, ಅರ್ಥ ಮಾಡಿಕೊಳ್ಳುತ್ತದೆ. ಹೊಸ ಪ್ರೋಗ್ರಾಮ್ ಕೇಳುವ ಹೊಸ ಸಿಸ್ಟಮ್ ಕಾಲ್ ಹಳೆಯ ಕರ್ನಲ್‌ನಲ್ಲಿ ಇರುವುದೇ ಇಲ್ಲ. ಆದ್ದರಿಂದ ಕ್ರಮ ಹೀಗೆ: ಹೊಸ ಕರ್ನಲ್ ಹಾಕಿ, ರೀಬೂಟ್ ಮಾಡಿ, ಅದು ಓಡುತ್ತಿದೆ ಎಂದು ನೋಡಿ, ಆಮೇಲೆ ಯೂಸರ್‌ಲ್ಯಾಂಡ್ ಹಾಕಿ.

ಇದನ್ನು ನಾನು ಕಲಿತದ್ದು 2017ರ ಮೇ ಕೊನೆಯಲ್ಲಿ, ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಲ್ಯಾಪ್‌ಟಾಪ್ ಮೇಲೆ. ಆ ತಿಂಗಳ 23ರಂದು ಫೈಲ್‌ಗಳ ಐನೋಡ್ ಸಂಖ್ಯೆಯನ್ನು (ಡಿಸ್ಕ್‌ನಲ್ಲಿ ಫೈಲನ್ನು ಗುರುತಿಸುವ ಸಂಖ್ಯೆ) 64 ಬಿಟ್‌ಗೆ ಹಿಗ್ಗಿಸುವ ದೊಡ್ಡ ಬದಲಾವಣೆ ಸೋರ್ಸ್‌ಗೆ ಸೇರಿತ್ತು. ಹೇಳಿದ ಕ್ರಮ ತಪ್ಪಬೇಡಿ ಎಂದು ಸೋರ್ಸ್ ಜೊತೆಗೇ ಬರುವ ಅಪ್‌ಡೇಟಿಂಗ್ ಫೈಲ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಅದನ್ನು ಓದಲಿಲ್ಲ. ಕರ್ನಲ್ ಹಾಕಿದೆ, ಕೊನೆಗೆ ಒಮ್ಮೆ ರೀಬೂಟ್ ಮಾಡಿದರಾಯ್ತು ಎಂದುಕೊಂಡು ಯೂಸರ್‌ಲ್ಯಾಂಡ್ ಕೂಡ ಹಾಕಲು ಶುರು ಮಾಡಿದೆ. ಅರ್ಧಕ್ಕೆ ನಿಂತಿತು. ಏನಾಯಿತು ಎಂದು ನೋಡಲು ಎಲ್ಎಸ್ ಒತ್ತಿದೆ. 'ಬ್ಯಾಡ್ ಸಿಸ್ಟಮ್ ಕಾಲ್' ಎಂದು ಬಂತು. ಇನ್ನೊಮ್ಮೆ ಒತ್ತಿದೆ. ಮತ್ತೆ ಅದೇ. ಫೈಲ್‌ಗಳ ಪಟ್ಟಿ ತೋರಿಸುವ ಅಷ್ಟು ಸಣ್ಣ ಪ್ರೋಗ್ರಾಮ್ ಕೂಡ ಓಡುತ್ತಿರಲಿಲ್ಲ.

ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ. ಮತ್ತೆ ಆನ್ ಮಾಡಿದಾಗ ಹೊಸ ಕರ್ನಲ್ ಎದ್ದಿತು, ಸಿಂಗಲ್ ಯೂಸರ್‌ನಲ್ಲಿ (ಯಾವ ಸರ್ವಿಸ್ ಇಲ್ಲದೆ ಬರೀ ಒಂದು ಶೆಲ್ ಸಿಗುವ ಸ್ಥಿತಿ) ಇನ್‌ಸ್ಟಾಲ್ ಮತ್ತೆ ಓಡಿಸಿದೆ, ಸರಿಯಾಯಿತು. ಹೊಸ ಕರ್ನಲ್ ಆಗಲೇ ಡಿಸ್ಕ್‌ನಲ್ಲಿ ಇದ್ದದ್ದರಿಂದ ಉಳಿದುಕೊಂಡೆ. ಅದು ಮಾವನ ಆಫೀಸಿನ ಯಂತ್ರವಾಗಿದ್ದರೆ ಉಡುಪಿಯಲ್ಲಿ ಕೂತು ಏನೂ ಮಾಡಲು ಆಗುತ್ತಿರಲಿಲ್ಲ.

ಯಾವಾಗ ಮಾಡಬೇಕು

ಹೆಂಚು ತೆಗೆದು ಹಾಕುವ ಕೆಲಸವನ್ನು ನಮ್ಮಲ್ಲಿ ಮಳೆಗೆ ಮೊದಲೇ ಮುಗಿಸುತ್ತಾರೆ. ನಾನೂ ದೊಡ್ಡ ಅಪ್‌ಗ್ರೇಡ್‌ಗಳನ್ನು ಮೇ ಒಳಗೆ ಮುಗಿಸುತ್ತೇನೆ. ಜೂನ್ ಬಂತೆಂದರೆ ಗಾಳಿ, ಗುಡುಗು, ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟ್ ಹೋಗುವುದು.

ಆದರೆ ಕರೆಂಟ್ ಎಲ್ಲ ಹಂತದಲ್ಲೂ ಒಂದೇ ರೀತಿ ಕಾಡುವುದಿಲ್ಲ. ಕಟ್ಟುವ ಹಂತದಲ್ಲಿ ಹೊಸದೆಲ್ಲ /ಯುಎಸ್ಆರ್/ಒಬಿಜೆ ಒಳಗೆ ಬೀಳುತ್ತದೆ, ಓಡುತ್ತಿರುವ ವ್ಯವಸ್ಥೆಯನ್ನು ಅದು ಮುಟ್ಟುವುದಿಲ್ಲ. ಆಗ ಕರೆಂಟ್ ಹೋದರೆ ಸಮಯ ಮಾತ್ರ ಹಾಳು. ಇನ್‌ಸ್ಟಾಲ್ ಮಾಡುವ ಕೆಲವು ನಿಮಿಷಗಳು ಹಾಗಲ್ಲ. ಯುಪಿಎಸ್ ಬ್ಯಾಟರಿ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊದಲೇ ಒಮ್ಮೆ ಪ್ಲಗ್ ಕಿತ್ತು ನೋಡಿಕೊಳ್ಳಿ.

ವಾಪಸ್ ದಾರಿ ಕಟ್ಟಿಕೊಳ್ಳುವುದು

ಝಡ್ಎಫ್ಎಸ್ ಎಂಬ ಫೈಲ್‌ಸಿಸ್ಟಮ್ ಬಳಸುತ್ತಿದ್ದರೆ ನಿಮಗೆ ಬೂಟ್ ಎನ್ವಿರಾನ್‌ಮೆಂಟ್ ಇದೆ. ಇದು ಇಡೀ ವ್ಯವಸ್ಥೆಯ ನಕಲು. ಒಂದು ಕ್ಷಣದಲ್ಲಿ ಆಗುತ್ತದೆ, ಶುರುವಿನಲ್ಲಿ ಜಾಗವನ್ನೂ ತಿನ್ನುವುದಿಲ್ಲ. ಬಿಇಸಿಟಿಎಲ್ ಎಂಬ ಸಲಕರಣೆ 12.0ರಿಂದ ಬೇಸ್‌ನಲ್ಲೇ ಬರುತ್ತದೆ.

ಬಿಇಸಿಟಿಎಲ್ ಕ್ರಿಯೇಟ್ ಹಳೆಯದು

ಕೊನೆಯ ಪದ ನೀವು ಇಡುವ ಹೆಸರು. ದಿನಾಂಕ ಸೇರಿಸಿದರೆ ಮುಂದೆ ಗೊಂದಲ ಇರುವುದಿಲ್ಲ. ಹೊಸದು ಕೆಟ್ಟರೆ ಬೂಟ್ ಮೆನುವಿನಲ್ಲೇ ಇದನ್ನು ಆರಿಸಿ ಹಿಂದಿರುಗಬಹುದು.

ಇಲ್ಲಿ ಒಂದು ಗುಂಡಿ ಇದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಗಮನಿಸುವುದಿಲ್ಲ. ಇನ್‌ಸ್ಟಾಲರ್ ತಾನಾಗಿ ಮಾಡುವ ವಿಂಗಡಣೆಯಲ್ಲಿ /ಹೋಮ್ ಬೇರೆ ಡೇಟಾಸೆಟ್ (ಝಡ್ಎಫ್ಎಸ್‌ನ ಪ್ರತ್ಯೇಕ ಭಾಗ) ಆಗಿರುತ್ತದೆ, ವ್ಯವಸ್ಥೆ ಹಿಂದೆ ಹೋದರೂ ಅದು ಹಾಗೇ ಇರುತ್ತದೆ. /ವಿಎಆರ್/ಡಿಬಿ ಹಾಗಲ್ಲ, ಅದು ಬೂಟ್ ಎನ್ವಿರಾನ್‌ಮೆಂಟ್‌ನ ಒಳಗೇ ಇರುತ್ತದೆ. ಡೇಟಾಬೇಸ್ ಕೂರುವುದು ಅಲ್ಲೇ, ಅಲ್ವಾ? ಅಂದರೆ ಶನಿವಾರ ನಕಲು ಮಾಡಿ ಅಪ್‌ಗ್ರೇಡ್ ಮಾಡಿದಿರಿ. ಸೋಮವಾರ ಇಡೀ ದಿನ ಬಿಲ್ ಹಾಕಿದರು. ಮಂಗಳವಾರ ಏನೋ ಸರಿ ಇಲ್ಲ ಎಂದು ಹಳೆಯದಕ್ಕೆ ಹೋದಿರಿ. ಅಲ್ಲಿ ಸೋಮವಾರದ ಒಂದು ಬಿಲ್ಲೂ ಇರುವುದಿಲ್ಲ. ಕಳೆದುಹೋಗಿಲ್ಲ, ಇನ್ನೊಂದು ಎನ್ವಿರಾನ್‌ಮೆಂಟ್‌ನಲ್ಲಿ ಉಳಿದಿರುತ್ತದೆ. ಆದರೆ ಎರಡು ಕಡೆಯ ಲೆಕ್ಕ ಕೂಡಿಸಲು ಕೂತರೆ ಎರಡು ದಿನ ಬೇಕು.

ಪರಿಹಾರ ಸುಲಭ. ಅಪ್‌ಗ್ರೇಡ್‌ಗಿಂತ ಮೊದಲೇ ಡೇಟಾಬೇಸ್‌ಗೆ ಬೇರೆ ಡೇಟಾಸೆಟ್ ಮಾಡಿಕೊಡಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ ಎಂದುಕೊಳ್ಳಿ. ಮೊದಲು ಸರ್ವಿಸ್ ನಿಲ್ಲಿಸಿ. /ವಿಎಆರ್/ಡಿಬಿ/ಪೋಸ್ಟ್‌ಗ್ರೆಸ್ ಫೋಲ್ಡರ್‌ಗೆ ಬೇರೆ ಹೆಸರಿಡಿ. ಮೌಂಟ್‌ಪಾಯಿಂಟ್ ಅದೇ ಹಳೆಯ ಜಾಗಕ್ಕೆ ಇರುವಂತೆ ಝಡ್ಎಫ್ಎಸ್ ಕ್ರಿಯೇಟ್‌ನಿಂದ ಹೊಸ ಡೇಟಾಸೆಟ್ ಮಾಡಿ, ಅದರ ಒಡೆತನ ಪೋಸ್ಟ್‌ಗ್ರೆಸ್ ಬಳಕೆದಾರನಿಗೆ ಕೊಡಿ, ಸಿಪಿ -ಎ ಬಳಸಿ ಎಲ್ಲವನ್ನೂ ಒಳಗೆ ನಕಲಿಸಿ. ಸರ್ವಿಸ್ ಶುರು ಮಾಡಿ, ಒಂದು ಹಳೆಯ ಬಿಲ್ ತೆಗೆದು ನೋಡಿ. ಇನ್ನು ವ್ಯವಸ್ಥೆ ಹಿಂದೆ ಹೋದರೂ ಲೆಕ್ಕ ಹಿಂದೆ ಹೋಗುವುದಿಲ್ಲ.

ಯುಎಫ್ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್ ಇರುವವರಿಗೆ ಈ ಸೌಲಭ್ಯ ಇಲ್ಲ. /ಇಟಿಸಿ, /ಯುಎಸ್ಆರ್/ಲೋಕಲ್/ಇಟಿಸಿ, /ಬೂಟ್/ಲೋಡರ್.ಕಾನ್ಫ್ ಮತ್ತು ನಿಮ್ಮ ಡೇಟಾ, ಇಷ್ಟನ್ನು ಬೇರೆ ಡಿಸ್ಕ್‌ಗೆ ಹಾಕಿಕೊಳ್ಳಿ. ಫ್ರೀಬಿಎಸ್‌ಡಿ ಬೂಟ್ ಆಗುವ ಒಂದು ಪೆನ್‌ಡ್ರೈವ್ ಕೈಯಲ್ಲಿರಲಿ, ಅದು ನಿಜವಾಗಿ ಬೂಟ್ ಆಗುತ್ತದಾ ಎಂದು ನೋಡಿಟ್ಟುಕೊಳ್ಳಿ.

ಯಾವ ಫೈಲ್‌ಸಿಸ್ಟಮ್ ಆದರೂ ಈಗಿನ ಒಳ್ಳೆಯ ಕರ್ನಲ್‌ನ ಪ್ರತಿ ಇಟ್ಟುಕೊಳ್ಳಿ:

ಸಿಪಿ -ಎ /ಬೂಟ್/ಕರ್ನಲ್ /ಬೂಟ್/ಕರ್ನಲ್.ಗುಡ್

ಹೊಸ ಕರ್ನಲ್ ಹಾಕುವಾಗ ಹಿಂದಿನದು ಕರ್ನಲ್.ಓಲ್ಡ್ ಎಂದು ತಾನಾಗಿ ಉಳಿಯುತ್ತದೆ, ನಿಜ. ಆದರೆ ಉಳಿಯುವುದು ಒಂದೇ ಹಿಂದಿನದು. ಕರ್ನಲ್ ಬದಲಿಸಿ ರೀಬೂಟ್ ಮಾಡಿ, ಮತ್ತೆ ಬದಲಿಸಿ ರೀಬೂಟ್ ಮಾಡಿದರೆ ನಂಬಿಕೆಯ ಹಳೆಯದು ಕೈಬಿಟ್ಟು ಹೋಗುತ್ತದೆ.

ಸೋರ್ಸ್ ತರುವುದು

ಸೋರ್ಸ್ ಇರಬೇಕಾದ ಜಾಗ /ಯುಎಸ್ಆರ್/ಎಸ್ಆರ್‌ಸಿ. 2020ರ ಡಿಸೆಂಬರ್‌ನಿಂದ ಇದು ಗಿಟ್‌ನಲ್ಲಿದೆ (ಕೋಡ್‌ನ ಬದಲಾವಣೆಗಳನ್ನು ಕೂಡಿಡುವ ಸಲಕರಣೆ). ಫ್ರೀಬಿಎಸ್‌ಡಿಯ ಗಿಟ್ ತಾಣದಿಂದ ಕ್ಲೋನ್ ಮಾಡುವಾಗ ಶಾಖೆಯ ಹೆಸರು ಕೊಡಬೇಕು. ರಿಲೆಂಗ್/14.3 ಎಂದರೆ ಬಿಡುಗಡೆಯಾದ ಆವೃತ್ತಿ ಮತ್ತು ಅದರ ಸೆಕ್ಯುರಿಟಿ ತಿದ್ದುಪಡಿಗಳು. ಸ್ಟೇಬಲ್/14 ಎಂದರೆ ಮುಂದಿನ ಬಿಡುಗಡೆಯತ್ತ ಸಾಗುತ್ತಿರುವುದು. ಮೇನ್ ಎಂದರೆ ದಿನದಿನವೂ ಬದಲಾಗುವುದು. ದುಡಿಯುವ ಸರ್ವರ್‌ಗೆ ರಿಲೆಂಗ್ ಸಾಕು ಎಂಬುದು ನನ್ನ ಅಭಿಪ್ರಾಯ. ಸೋರ್ಸ್ ಆಗಲೇ ಇದ್ದರೆ ಆ ಫೋಲ್ಡರ್ ಒಳಗೆ ಹೋಗಿ ಗಿಟ್ ಪುಲ್ ಮಾಡಿದರಾಯಿತು.

ಆಮೇಲೆ ಅದೇ ಫೋಲ್ಡರ್‌ನ ಅಪ್‌ಡೇಟಿಂಗ್ ಫೈಲ್ (ಹೆಸರು ಪೂರ್ತಿ ದೊಡ್ಡಕ್ಷರ) ತೆರೆಯಿರಿ. ದಿನಾಂಕದ ಪ್ರಕಾರ ಹೊಸತು ಮೇಲೆ, ಹಳೆಯದು ಕೆಳಗೆ. ನೀವು ಕೊನೆಯ ಸಲ ಅಪ್‌ಗ್ರೇಡ್ ಮಾಡಿದ ದಿನಾಂಕದವರೆಗೂ ಕೆಳಗಿಳಿದು ಓದಿ. ಹತ್ತು ನಿಮಿಷದ ಕೆಲಸ. ನಾನು 2017ರಲ್ಲಿ ಬಿಟ್ಟದ್ದು ಇದೇ ಹತ್ತು ನಿಮಿಷವನ್ನು.

ಕಟ್ಟುವುದು

ಎಸ್‌ಎಸ್‌ಎಚ್ ಮೂಲಕ, ಅಂದರೆ ದೂರದಿಂದ ಲಾಗಿನ್ ಆಗಿ ಮಾಡುತ್ತಿದ್ದರೆ ಟಿಮಕ್ಸ್ ಒಳಗೆ ಮಾಡಿ. ಇಂಟರ್‌ನೆಟ್ ಕಡಿದರೂ ಕೆಲಸ ನಿಲ್ಲುವುದಿಲ್ಲ.

ಸಿಡಿ /ಯುಎಸ್ಆರ್/ಎಸ್ಆರ್‌ಸಿ
ಮೇಕ್ -ಜೆ4 ಬಿಲ್ಡ್‌ವರ್ಲ್ಡ್
ಮೇಕ್ -ಜೆ4 ಬಿಲ್ಡ್‌ಕರ್ನಲ್

4 ಎಂದರೆ ಏಕಕಾಲಕ್ಕೆ ಎಷ್ಟು ಕೆಲಸ ಎಂಬುದು. ಸಾಮಾನ್ಯವಾಗಿ ಸಿಪಿಯು ಕೋರ್‌ಗಳಷ್ಟು ಕೊಡುತ್ತಾರೆ. ಮೆಮೊರಿ ಕಡಿಮೆ ಇದ್ದರೆ ಇಳಿಸಿ. ಹೊತ್ತು ಹೋಗುವುದು ಜಾಸ್ತಿ ಕ್ಲ್ಯಾಂಗ್ ಕಂಪೈಲರ್ ಕಟ್ಟುವಾಗ, ಮೆಮೊರಿ ತಿನ್ನುವುದೂ ಅದೇ. ನನ್ನ 4 ಕೋರ್‌ನ ಹಳೆಯ ಯಂತ್ರದಲ್ಲಿ ಸಂಜೆ ಚಹಾ ಹೊತ್ತಿಗೆ ಶುರು ಮಾಡಿದರೆ ರಾತ್ರಿ ಊಟ ಆದರೂ ಮುಗಿದಿರುವುದಿಲ್ಲ. ಬೇಡದ ಭಾಗಗಳನ್ನು /ಇಟಿಸಿ/ಎಸ್ಆರ್‌ಸಿ.ಕಾನ್ಫ್ ಫೈಲ್‌ನಲ್ಲಿ ಬಿಡಿಸಬಹುದು. ಮೊದಲ ಸಲ ಮಾಡುವವರು ಆ ಗೋಜಿಗೆ ಹೋಗಬೇಡಿ, ಏನೂ ಬದಲಿಸದ ಜೆನೆರಿಕ್ ಕರ್ನಲ್ಲನ್ನೇ ಕಟ್ಟಿ.

ಕಟ್ಟುವಾಗ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಸಿಗ್ನಲ್ 11 (ಮೆಮೊರಿ ತಪ್ಪು) ಎಂದು ನಿಲ್ಲುತ್ತಿದ್ದರೆ ಸೋರ್ಸ್ ಮೇಲೆ ಅನುಮಾನ ಬೇಡ. ರ್‍ಯಾಮ್ ಕೆಟ್ಟಿರಬಹುದು, ಇಲ್ಲವೇ ಯಂತ್ರ ಬಿಸಿಯಾಗಿರಬಹುದು. ಏಪ್ರಿಲ್ ಮೇ ಸೆಕೆಯಲ್ಲಿ ಬಂದರಿನ ಆ ಸಣ್ಣ ಕೋಣೆಯಲ್ಲಿ ಇದನ್ನು ನೋಡಿದ್ದೇನೆ. ಫ್ಯಾನ್ ರೆಕ್ಕೆಗಳ ಮೇಲೆ ಗೋಣಿಯ ನಾರು ಮತ್ತು ದೂಳು ಅಂಟಿ ಕಪ್ಪು ಪದರ ಆಗಿತ್ತು. ಹಳೆಯ ಬ್ರಷ್‌ನಲ್ಲಿ ತೆಗೆದ ಮೇಲೆ ಅದೇ ಸೋರ್ಸ್ ಒಂದೂ ತಪ್ಪಿಲ್ಲದೆ ಕಟ್ಟಿತು. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಆಗ ಸೋರ್ಸ್ ಅಥವಾ ನಿಮ್ಮ ಸೆಟ್ಟಿಂಗ್ ನೋಡಿ. /ಯುಎಸ್ಆರ್/ಒಬಿಜೆ ಖಾಲಿ ಮಾಡಿ ಮೊದಲಿನಿಂದ ಕಟ್ಟಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಹಾಕುವುದು: ಯಂತ್ರದ ಮುಂದೆ ಕೂತು

ಮೇಕ್ ಇನ್‌ಸ್ಟಾಲ್‌ಕರ್ನಲ್
ಶಟ್‌ಡೌನ್ -ಆರ್ ನೌ

ಬೂಟ್ ಮೆನುವಿನಲ್ಲಿ ಸಿಂಗಲ್ ಯೂಸರ್ ಆರಿಸಿ. ಶೆಲ್ ಯಾವುದು ಎಂದು ಕೇಳಿದಾಗ ಎಂಟರ್ ಒತ್ತಿ. ಕರ್ನಲ್ ಏಳಲೇ ಇಲ್ಲವೇ? ಗಾಬರಿ ಬೇಡ. ಮತ್ತೆ ಆನ್ ಮಾಡಿ, ಕರ್ನಲ್ಲನ್ನು ಎಬ್ಬಿಸುವ ಲೋಡರ್‌ನ ಪ್ರಾಂಪ್ಟ್‌ಗೆ ಹೋಗಿ 'ಬೂಟ್ ಕರ್ನಲ್.ಓಲ್ಡ್' ಎಂದು ಕೊಡಿ. ಯೂಸರ್‌ಲ್ಯಾಂಡ್ ಇನ್ನೂ ಹಳೆಯದೇ ಆದ್ದರಿಂದ ಎಲ್ಲ ಮೊದಲಿನಂತೆ ಓಡುತ್ತದೆ. ಕರ್ನಲ್ ಮೊದಲು ಹಾಕುವುದರ ಇನ್ನೊಂದು ಲಾಭ ಇದು.

ಸಿಂಗಲ್ ಯೂಸರ್‌ನಲ್ಲಿ ಡಿಸ್ಕ್ ಓದಲು ಮಾತ್ರ ತೆರೆದಿರುತ್ತದೆ. ಯುಎಫ್ಎಸ್ ಆದರೆ 'ಮೌಂಟ್ -ಯು /', ಆಮೇಲೆ 'ಮೌಂಟ್ -ಎ -ಟಿ ಯುಎಫ್ಎಸ್'. ಝಡ್ಎಫ್ಎಸ್ ಆದರೆ 'ಝಡ್ಎಫ್ಎಸ್ ಸೆಟ್ ರೀಡ್‌ಓನ್ಲಿ=ಆಫ್ ಝಡ್‌ರೂಟ್', ಆಮೇಲೆ 'ಝಡ್ಎಫ್ಎಸ್ ಮೌಂಟ್ -ಎ'.

ಈಗ ಡೇಟ್ ಎಂದು ಕೊಟ್ಟು ಗಡಿಯಾರ ನೋಡಿ. ಯಂತ್ರದೊಳಗಿನ ಗಡಿಯಾರವನ್ನು ನಮ್ಮ ಭಾರತೀಯ ಸಮಯಕ್ಕೆ ಇಟ್ಟಿದ್ದರೆ ಸಿಂಗಲ್ ಯೂಸರ್‌ನಲ್ಲಿ ಅದು ಐದೂವರೆ ಗಂಟೆ ಆಚೀಚೆ ಆಗುತ್ತದೆ. ಮೇಕ್ ಎಲ್ಲವನ್ನೂ ಫೈಲಿನ ಸಮಯ ನೋಡಿಯೇ ನಿರ್ಧರಿಸುವುದು. 'ಅಡ್ಜ್‌ಕರ್ನ್‌ಟಿಝಡ್ -ಐ' ಕೊಟ್ಟರೆ ಸರಿಯಾಗುತ್ತದೆ.

ಇಟಿಸಿಅಪ್‌ಡೇಟ್ -ಪಿ
ಸಿಡಿ /ಯುಎಸ್ಆರ್/ಎಸ್ಆರ್‌ಸಿ
ಮೇಕ್ ಇನ್‌ಸ್ಟಾಲ್‌ವರ್ಲ್ಡ್
ಇಟಿಸಿಅಪ್‌ಡೇಟ್ -ಬಿ

ಮೊದಲನೆಯದರ ಪಿ ಸಣ್ಣಕ್ಷರ, ಕೊನೆಯದರ ಬಿ ದೊಡ್ಡಕ್ಷರ. ಹೊಸ ವ್ಯವಸ್ಥೆಗೆ ಹೊಸ ಬಳಕೆದಾರ ಅಥವಾ ಗುಂಪು ಬೇಕಿದ್ದರೆ ಮೊದಲನೆಯದು ಸೇರಿಸುತ್ತದೆ. ಕೊನೆಯದು /ಇಟಿಸಿ ಒಳಗಿನ ನಿಮ್ಮ ಬದಲಾವಣೆಗಳನ್ನೂ ಹೊಸ ಆವೃತ್ತಿಯ ಬದಲಾವಣೆಗಳನ್ನೂ ಹೊಂದಿಸುತ್ತದೆ. ಎರಡೂ ಒಂದೇ ಸಾಲನ್ನು ಮುಟ್ಟಿದ್ದರೆ 'ಇಟಿಸಿಅಪ್‌ಡೇಟ್ ರಿಸಾಲ್ವ್' ಓಡಿಸಬೇಕು. ಒಂದೊಂದೇ ಫೈಲ್ ತೋರಿಸಿ ಏನು ಮಾಡಲಿ ಎಂದು ಕೇಳುತ್ತದೆ. ಇಲ್ಲಿ ನಿಧಾನವೇ ಒಳ್ಳೆಯದು. ಮುಖ್ಯವಾಗಿ ಮಾಸ್ಟರ್.ಪಾಸ್‌ಡಬ್ಲ್ಯುಡಿ ಮತ್ತು ಗ್ರೂಪ್ ಫೈಲ್‌ಗಳಿಗೆ ಹೊಸದನ್ನು ಪೂರ್ತಿ ಒಪ್ಪಿಕೊಂಡರೆ ನೀವು ಮಾಡಿದ ಬಳಕೆದಾರರೆಲ್ಲ ಹೋಗುತ್ತಾರೆ, ನೀವೂ ಒಳಗೆ ಬರಲು ಆಗುವುದಿಲ್ಲ. ಅವೆರಡನ್ನು ಕೈಯಾರೆ ಎಡಿಟ್ ಮಾಡಿ.

ಮುಗಿದ ಮೇಲೆ ರೀಬೂಟ್.

ಹಾಕುವುದು: 60 ಕಿಲೋಮೀಟರ್ ದೂರದಿಂದ

ಸಿಂಗಲ್ ಯೂಸರ್‌ಗೆ ಹೋದರೆ ಎಸ್‌ಎಸ್‌ಎಚ್ ಇರುವುದಿಲ್ಲ. ದೊಡ್ಡ ಸರ್ವರ್‌ಗಳಿಗೆ ದೂರದಿಂದ ಪರದೆ ನೋಡುವ ಸೌಲಭ್ಯ ಇರುತ್ತದೆ. ಮೇಜಿನ ಕೆಳಗಿನ ಸಾದಾ ಪಿಸಿಗೆ ಎಲ್ಲಿಂದ? ಹಾಗಾಗಿ ಮಾವನ ಯಂತ್ರಕ್ಕೆ ನಾನು ಬೇರೆ ದಾರಿ ಹಿಡಿಯುತ್ತೇನೆ. ಓಡುತ್ತಿರುವುದನ್ನು ಮುಟ್ಟುವುದೇ ಇಲ್ಲ. ಹೊಸ ಬೂಟ್ ಎನ್ವಿರಾನ್‌ಮೆಂಟ್ ಮಾಡಿ, ಅದನ್ನು /ಎಂಎನ್‌ಟಿ ಮೇಲೆ ತೆರೆದು, ಅದರೊಳಗೆ ಹಾಕುತ್ತೇನೆ.

ಬಿಇಸಿಟಿಎಲ್ ಕ್ರಿಯೇಟ್ ಹೊಸದು
ಬಿಇಸಿಟಿಎಲ್ ಮೌಂಟ್ ಹೊಸದು /ಎಂಎನ್‌ಟಿ
ಮೇಕ್ ಇನ್‌ಸ್ಟಾಲ್‌ಕರ್ನಲ್ ಡೆಸ್ಟ್‌ಡಿಐಆರ್=/ಎಂಎನ್‌ಟಿ
ಇಟಿಸಿಅಪ್‌ಡೇಟ್ -ಪಿ -ಡಿ /ಎಂಎನ್‌ಟಿ
ಮೇಕ್ ಇನ್‌ಸ್ಟಾಲ್‌ವರ್ಲ್ಡ್ ಡೆಸ್ಟ್‌ಡಿಐಆರ್=/ಎಂಎನ್‌ಟಿ
ಇಟಿಸಿಅಪ್‌ಡೇಟ್ -ಬಿ -ಡಿ /ಎಂಎನ್‌ಟಿ
ಬಿಇಸಿಟಿಎಲ್ ಆಕ್ಟಿವೇಟ್ -ಟಿ ಹೊಸದು

ಡೆಸ್ಟ್‌ಡಿಐಆರ್ ಪೂರ್ತಿ ದೊಡ್ಡಕ್ಷರ, -ಡಿ ಕೂಡ ದೊಡ್ಡಕ್ಷರ, -ಟಿ ಸಣ್ಣದು. ರೀಬೂಟ್ ಆಗುವಾಗ ಹಳೆಯ ಕರ್ನಲ್, ಹಳೆಯ ಯೂಸರ್‌ಲ್ಯಾಂಡ್ ಎರಡೂ ಒಟ್ಟಿಗೆ ಹಿಂದೆ ಉಳಿಯುತ್ತವೆ, ಹೊಸವೆರಡೂ ಒಟ್ಟಿಗೆ ಏಳುತ್ತವೆ. ಹೊಸ ಹೆಂಚು ಹಳೆಯ ರೀಪಿನ ಮೇಲೆ ಕೂರುವ ಪ್ರಸಂಗವೇ ಬರುವುದಿಲ್ಲ.

ಇದರ ಜೀವ ಇರುವುದು ಆ -ಟಿ ಯಲ್ಲಿ. ಹೊಸದು ಒಂದೇ ಒಂದು ಸಲಕ್ಕೆ ಬೂಟ್ ಆಗುತ್ತದೆ. ಅದು ಏಳದಿದ್ದರೆ ಅದರ ಮುಂದಿನ ಬೂಟ್‌ಗೆ ಹಳೆಯದೇ ಬರುತ್ತದೆ. ಕಳೆದ ಸಲ ಹಾಗೆಯೇ ಆಯಿತು. ರೀಬೂಟ್ ಕೊಟ್ಟೆ, ಐದು ನಿಮಿಷ ಕಾದೆ, ಎಸ್‌ಎಸ್‌ಎಚ್ ಬರಲಿಲ್ಲ. ಮಾವನಿಗೆ ಫೋನ್ ಮಾಡಿದೆ.

"ಮಾವ, ಮೇಜಿನ ಕೆಳಗಿನ ಪೆಟ್ಟಿಗೆಯ ಸ್ವಿಚ್ ಒತ್ತಿ ಹಿಡಿಯಿರಿ. ಲೈಟ್ ಆರಿದ ಮೇಲೆ ಮತ್ತೆ ಒಮ್ಮೆ ಒತ್ತಿ."

"ಎಂತ ಮಾರಾಯ, ನಾಳೆ ಬೆಳಿಗ್ಗೆ ಮಾಲು ಹೋಗ್ಲಿಕ್ಕುಂಟು."

"ಈಗ ಹಳೆಯದೇ ಬರ್ತದೆ ಮಾವ, ಹೆದರಬೇಡಿ."

ಎರಡು ನಿಮಿಷದಲ್ಲಿ ಹಳೆಯ ವ್ಯವಸ್ಥೆ ಎದ್ದು ಕೂತಿತ್ತು, ಬಿಲ್‌ಗಳೆಲ್ಲ ಇದ್ದವು. ತಪ್ಪು ನನ್ನದೇ. ಆರ್‌ಸಿ.ಕಾನ್ಫ್‌ನಲ್ಲಿ ಪೋರ್ಟ್ಸ್‌ನಿಂದ (ಬೇಸ್‌ನ ಹೊರಗಿನ ಪ್ರೋಗ್ರಾಮ್‌ಗಳ ಸಂಗ್ರಹ) ಬಂದ ಗ್ರಾಫಿಕ್ಸ್ ಮಾಡ್ಯೂಲ್ ಲೋಡ್ ಆಗುವಂತೆ ಇಟ್ಟಿದ್ದೆ, ಹೊಸ ಕರ್ನಲ್‌ಗೆ ಅದನ್ನು ಮತ್ತೆ ಕಟ್ಟಿರಲಿಲ್ಲ. ಕರ್ನಲ್‌ನ ಹೊರಗಿನಿಂದ ಬರುವ ಮಾಡ್ಯೂಲ್‌ಗಳು, ಅಂದರೆ ಡಿಆರ್‌ಎಂ-ಕೆಮಾಡ್, ವರ್ಚುವಲ್‌ಬಾಕ್ಸ್‌ನಂಥವು, ತಾವು ಕಟ್ಟಲ್ಪಟ್ಟ ಕರ್ನಲ್‌ಗೇ ಹೊಂದುವುದು. ಮೇಕ್.ಕಾನ್ಫ್‌ನಲ್ಲಿ ಪೋರ್ಟ್ಸ್_ಮಾಡ್ಯೂಲ್ಸ್ ಎಂಬ ಸಾಲಿನಲ್ಲಿ ಅವುಗಳ ಹೆಸರು ಬರೆದರೆ ಕರ್ನಲ್ ಜೊತೆಗೇ ಕಟ್ಟುತ್ತದೆ. ಆ ಹೆಸರು ಪೂರ್ತಿ ದೊಡ್ಡಕ್ಷರ. ಪರದೆಯೇ ಇಲ್ಲದ ಸರ್ವರ್‌ಗೆ ಗ್ರಾಫಿಕ್ಸ್ ಮಾಡ್ಯೂಲ್ ಯಾಕೆ ಬೇಕಿತ್ತು? ನಾನು ಆ ಸಾಲನ್ನೇ ತೆಗೆದುಹಾಕಿದೆ.

ಹೊಸದು ಸರಿಯಾಗಿ ಎದ್ದರೆ -ಟಿ ಇಲ್ಲದೆ ಇನ್ನೊಮ್ಮೆ ಆಕ್ಟಿವೇಟ್ ಮಾಡಲು ಮರೆಯಬೇಡಿ. ಮರೆತರೆ ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ಯಂತ್ರ ಸದ್ದಿಲ್ಲದೆ ಹಳೆಯದಕ್ಕೆ ಹೋಗಿರುತ್ತದೆ.

ಎದ್ದ ಮೇಲೆ

ಫ್ರೀಬಿಎಸ್‌ಡಿ-ವರ್ಷನ್ -ಕೆಆರ್‌ಯು

ಇದು ಮೂರು ಸಾಲು ತೋರಿಸುತ್ತದೆ: ಡಿಸ್ಕ್‌ನಲ್ಲಿರುವ ಕರ್ನಲ್, ಓಡುತ್ತಿರುವ ಕರ್ನಲ್, ಯೂಸರ್‌ಲ್ಯಾಂಡ್. ಮೂರೂ ನೀವು ಕಟ್ಟಿದ ಆವೃತ್ತಿಯನ್ನೇ ಹೇಳಬೇಕು.

ನಂತರ ಗುಡಿಸುವ ಕೆಲಸ. 'ಮೇಕ್ ಡಿಲೀಟ್-ಓಲ್ಡ್' ಈಗ ಬಳಕೆಯಲ್ಲಿಲ್ಲದ ಹಳೆಯ ಫೈಲ್‌ಗಳನ್ನು ತೆಗೆಯುತ್ತದೆ. 'ಮೇಕ್ ಡಿಲೀಟ್-ಓಲ್ಡ್-ಲಿಬ್ಸ್' ಹಳೆಯ ಲೈಬ್ರರಿಗಳನ್ನು ತೆಗೆಯುತ್ತದೆ. ಎರಡನೆಯದಕ್ಕೆ ಅವಸರ ಬೇಡ. 13ರಿಂದ 14ಕ್ಕೆ ಹೋದ ಹಾಗೆ ದೊಡ್ಡ ಆವೃತ್ತಿ ಬದಲಾದರೆ ನಿಮ್ಮ ಪ್ಯಾಕೇಜ್‌ಗಳು ಇನ್ನೂ ಆ ಹಳೆಯ ಲೈಬ್ರರಿಗಳನ್ನೇ ಹಿಡಿದುಕೊಂಡಿರುತ್ತವೆ. ಮೊದಲು 'ಪಿಕೆಜಿ-ಸ್ಟ್ಯಾಟಿಕ್ ಅಪ್‌ಗ್ರೇಡ್ -ಎಫ್' ಮಾಡಿ ಎಲ್ಲ ಪ್ಯಾಕೇಜ್ ಹೊಸದಾಗಿ ಹಾಕಿಕೊಳ್ಳಿ. ಸಾದಾ ಪಿಕೆಜಿ ಓಡದಿದ್ದಾಗಲೂ ಸ್ಟ್ಯಾಟಿಕ್ ಓಡುತ್ತದೆ, ಏಕೆಂದರೆ ಅದು ಹೊರಗಿನ ಲೈಬ್ರರಿ ಕೇಳುವುದಿಲ್ಲ.

ಇನ್ನೆರಡು ಸಂಗತಿ ಉಳಿದಿವೆ. ಯುಇಎಫ್ಐ ಮೂಲಕ ಬೂಟ್ ಆಗುವ ಈಚಿನ ಯಂತ್ರಗಳಲ್ಲಿ ಇನ್‌ಸ್ಟಾಲ್‌ವರ್ಲ್ಡ್ ಹೊಸ ಲೋಡರ್.ಇಎಫ್ಐ ಫೈಲನ್ನು /ಬೂಟ್ ಒಳಗೆ ಇಡುತ್ತದೆ, ಬೂಟ್ ಆಗುವ ಇಎಫ್ಐ ವಿಭಾಗಕ್ಕೆ ನಕಲಿಸುವುದಿಲ್ಲ. ಅದನ್ನು ನೀವೇ ಮಾಡಬೇಕು. ಹಳೆಯ ಲೋಡರ್‌ನ ಪ್ರತಿಯನ್ನು ಪಕ್ಕದಲ್ಲಿ ಇಟ್ಟೇ ಮಾಡಿ. ಇನ್ನು ಝಡ್‌ಪೂಲ್ ಸ್ಟೇಟಸ್ ನೋಡಿದಾಗ ಪೂಲ್ (ಝಡ್ಎಫ್ಎಸ್ ಡೇಟಾ ಇಡುವ ಡಿಸ್ಕ್‌ಗಳ ಗುಂಪು) ಅಪ್‌ಗ್ರೇಡ್ ಮಾಡಬಹುದು ಎಂಬ ಸೂಚನೆ ಕಾಣಬಹುದು. ತಕ್ಷಣ ಮಾಡಬೇಡಿ. ಪೂಲ್‌ಗೆ ಹೊಸ ಗುಣಗಳು ಸೇರಿದ ಮೇಲೆ ಹಳೆಯ ವ್ಯವಸ್ಥೆಗೆ ಅದನ್ನು ತೆರೆಯಲು ಆಗದೆ ಹೋಗಬಹುದು. ಹಳೆಯ ಲೋಡರ್‌ಗೂ ಹಾಗೆಯೇ. ಇಷ್ಟು ಕಷ್ಟಪಟ್ಟು ಕಟ್ಟಿಕೊಂಡ ವಾಪಸ್ ದಾರಿ ಒಂದೇ ಆಜ್ಞೆಯಿಂದ ಮುಚ್ಚುತ್ತದೆ.

ನಾನು ತಿಂಗಳ ಕೊನೆಯ ಲೆಕ್ಕ ಒಮ್ಮೆ ಮುಗಿಯುವವರೆಗೆ ಹಳೆಯ ಎನ್ವಿರಾನ್‌ಮೆಂಟ್ ಹಾಗೇ ಬಿಡುತ್ತೇನೆ. ತೆರಿಗೆಯ ಪಟ್ಟಿ ಪ್ರಿಂಟ್ ಆಯಿತು, ಎಲ್ಲ ಸರಿ ಉಂಟು ಎಂದು ಮಾವ ಫೋನ್ ಮಾಡಿದ ದಿನ ಸಂಜೆ 'ಬಿಇಸಿಟಿಎಲ್ ಡೆಸ್ಟ್ರಾಯ್ ಹಳೆಯದು' ಕೊಡುತ್ತೇನೆ.